ಬಣ್ಣ ಬಿಟ್ಟ ಬಾತುಕೋಳಿ

ಯೂನಿವರ್ಸಿಟಿ ಓದು ನಿನಗೆ ಆಗೋ ಮಾತಲ್ಲ ಅಂತ ನನಗೆ ಅಂದವರು ಸಿಂಗಾಪುರದ ನಮ್ಮ ಬ್ಲಾಕಿನ ಸರೋಜಾ ಆಂಟಿ. ಈಗ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಪರೀಕ್ಷೆಗೆ ಬಂದ ಆಟಿಕೆಯ ಪೊಟ್ಟಣ ಬಿಚ್ಚಿ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದರೆ ಅವರು ಹಾಗೆ ಅಂದ ಮಧ್ಯಾಹ್ನವೇ ನೆನಪಾಗುತ್ತದೆ.

ಹಲ್ಲು ಬರುತ್ತಿದ್ದ ನನ್ನ ತಮ್ಮನಿಗೆ ಆಂಟಿ ಕೆಂಪು ಬಾತುಕೋಳಿ ತಂದಿದ್ದರು. ಮೆತ್ತಗೆ, ಅಂಟಂಟಾಗಿತ್ತು. ಅವನು ಬಾಯಿಗಿಡುವ ಮೊದಲೇ ಅಜ್ಜಿ ಕಿತ್ತುಕೊಂಡು, ಹೊಸ ಸೀರೆ ನೆನೆಸುವಂತೆ ಉಪ್ಪುನೀರಿಗೆ ಹಾಕಿದರು.

"ಅಜ್ಜಿ, ಅದೇನು ಇಳಕಲ್ ಸೀರೇನಾ?" ಆಂಟಿ ನಕ್ಕರು.

ಸ್ವಲ್ಪ ಹೊತ್ತಿಗೆ ಬಕೆಟ್ಟಿನ ನೀರು ಕೆಂಪಾಯಿತು. "ಬಣ್ಣ ಬಿಡೋದು ಮಗು ಬಾಯಿಗೆ ಬೇಡ ಕಣಮ್ಮ" ಎಂದು ಅಜ್ಜಿ ಅದನ್ನು ಕಸಕ್ಕೆ ಹಾಕಿದರು. ತಮ್ಮ ಅತ್ತ. ಆಂಟಿಯ ಮುಖ ಊದಿಕೊಂಡಿತು.

"ಆ ಬಣ್ಣದಲ್ಲಿ ಏನಿದೆ?" ನಾನು ಕೇಳಿದೆ.

"ಅದು ಗೊತ್ತಾಗೋಕೆ ಯೂನಿವರ್ಸಿಟಿಗೆ ಹೋಗ್ಬೇಕು ಲಾ," ಆಂಟಿ ಸಿಂಗಾಪುರದ ಧಾಟಿಯಲ್ಲಿ ರಾಗ ಎಳೆದರು. "ಟುವಾಸ್‌ನ ಫ್ಯಾಕ್ಟರೀಲಿ ವೆಲ್ಡಿಂಗ್ ಮಾಡೋರ ಮಕ್ಕಳಿಗೆ ಆಗೋ ಮಾತಾ?"

ಅಪ್ಪ ಓವರ್‌ಟೈಮ್ ಮಾಡಿದರು, ನಾನು ಟ್ಯೂಷನ್ ಹೇಳಿಕೊಟ್ಟೆ. ವರ್ಷಗಳ ನಂತರ ನಮ್ಮ ಮನೆಯ ಮೊದಲ ಡಿಗ್ರಿ ಸರ್ಟಿಫಿಕೇಟನ್ನು ಅಜ್ಜಿಯ ಕೈಗಿಟ್ಟೆ. ಅವರು ಹೆಬ್ಬೆರಳು ಒದ್ದೆ ಮಾಡಿಕೊಂಡು ಮೂಲೆಯ ಕೆಂಪು ಮುದ್ರೆಯನ್ನು ಮೆಲ್ಲಗೆ ಉಜ್ಜಿ ನೋಡಿದರು.

"ಬಣ್ಣ ಬಿಡಲ್ಲ ಕಣೇ. ಹೋಗು, ಸರೋಜಂಗೂ ತೋರಿಸ್ಕೊಂಡು ಬಾ."