ಕಡತ ತೆಗೆಯಿರಿ

ಶಾಂಭವಿ ಕೋಪದಿಂದ ಮುಖ್ಯಸ್ಥ ಪರಶಿವಮೂರ್ತಿಗಳ ಕೋಣೆಗೆ ನುಗ್ಗಿದಳು. ಪುಸ್ತಕದ ಪುಟ ಜೋಡಿಸುವ ತಂತ್ರಾಂಶಕ್ಕೆ ಕನ್ನಡದ ಕೈಪಿಡಿ ಬರೆದವಳು ಅವಳು. ಗದಗಿನ ಮುದ್ರಣಾಲಯವೊಂದರಿಂದ ನೂರ್‌ಜಹಾನ್ ಎಂಬಾಕೆ ಆಗಷ್ಟೇ ಫೋನಿನಲ್ಲಿ ಅತ್ತಿದ್ದಳು: “ನಿಮ್ಮ ಕೈಪಿಡ್ಯಾಗ ‘ಕಡತ ತೆಗೆಯಿರಿ’ ಅಂತ ಬರದಿತ್ರೀ. ‘ತೆಗೆ’ ಅನ್ನೋ ಗುಂಡಿ ಒತ್ತೀನಿ. ಮಳೆಗಾಲ ಪೂರ್ತಿ ಕುಂತು ಜೋಡಿಸಿದ ಪುಸ್ತಕ ಅಳಿಸಿ ಹೋತ್ರೀ.”

“ನಾನು ಎಲ್ಲ ಕಡೆ ‘ತೆರೆಯಿರಿ’ ಅಂತಲೇ ಬರೆದಿದ್ದೆ ಸರ್. ಅದನ್ನ ‘ತೆಗೆಯಿರಿ’ ಅಂತ ಯಾಕೆ ತಿದ್ದಿದ್ರಿ?”

ಪರಶಿವಮೂರ್ತಿಗಳು ನಿಧಾನವಾಗಿ ಕನ್ನಡಕ ಒರೆಸಿಕೊಂಡರು. “ಹೇಳಿದ್ದೇ ಹೇಳಿದ್ರೆ ಓದೋರಿಗೆ ಬೇಜಾರು. ಭಾಷೆ ಅಂದಮೇಲೆ ಒಂದಿಷ್ಟು ಸೊಗಸು ಬೇಡ್ವೇನ್ರಿ? ಬಾಗಿಲು ತೆಗಿ ಅಂದ್ರೆ ಯಾರಾದ್ರೂ ಬಾಗಿಲು ಕಿತ್ತು ಹಾಕ್ತಾರಾ?”

“ಅಳಿಸೋ ಗುಂಡಿ ಮೇಲೂ ‘ತೆಗೆ’ ಅಂತಲೇ ಇದೆಯಲ್ಲ ಸರ್! ಒಂದು ಪದಕ್ಕೆ ಒಂದೇ ಅರ್ಥ ಇರಬೇಕು. ಪಾಪ, ಆ ಹೆಂಗಸಿನ ಕೆಲಸ ಹೋಗುತ್ತೆ.”

“ಕನ್ನಡ ಬರದೋರಿಗೆ ನಾವೇನು ಮಾಡೋಕಾಗುತ್ತೆ? ತಲೆ ಇರೋರಿಗೆ ಸಂದರ್ಭ ನೋಡಿದ್ರೆ ತಿಳಿಯುತ್ತೆ.” ಅವರು ತಮ್ಮ ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು. “ಎಲ್ಲಿ, ನಾನು ತಿದ್ದಿದ ಕೈಪಿಡಿಯ ಕಡತ ತೆಗೀರಿ, ನೋಡೇ ಬಿಡೋಣ.”

ಶಾಂಭವಿ ಆ ಕಡತವನ್ನು ಆರಿಸಿ ‘ತೆಗೆ’ ಗುಂಡಿ ಒತ್ತಿದಳು. ಕಡತ ಅಳಿಸಿಹೋಯಿತು.

“ತೆಗೆದೆ ಸರ್,” ಎಂದಳು.