ಹೇಳದೆ ಉಳಿದ ಅರ್ಧ

“ನಿಮ್ಮ ವಯಸ್ಸಿನವರಿಗೆ ಇರಬೇಕಾದಷ್ಟು ಗಮನಶಕ್ತಿ ನಿಮಗಿಲ್ಲ, ಸರ್. ತುಂಬಾ ಕಡಿಮೆ ಇದೆ,” ಎಂದು, ಪರೀಕ್ಷೆಯ ಮೊದಲ ಸುತ್ತು ಮುಗಿದ ಮೇಲೆ, ಮನಶ್ಶಾಸ್ತ್ರ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ ಎದುರಿಗೆ ಕುಳಿತಿದ್ದ ಬಸ್ ಚಾಲಕರಿಗೆ ಹೇಳಿದಳು. ಬೆಳಗಿನಿಂದ ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ಅವಳ ನಾಲಿಗೆ ಒಣಗಿತ್ತು. ಆ ಮಾತು ಸುಳ್ಳು. ಕೆಟ್ಟ ಸುದ್ದಿ ಕೇಳಿದ ಮನಸ್ಸು ಮುಂದಿನ ಸುತ್ತಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದೇ ಅವಳ ವಿಭಾಗದ ಪ್ರಯೋಗ. ಎರಡನೇ ಸುತ್ತು ಮುಗಿದ ಕೂಡಲೇ ನಿಜ ಹೇಳಿ, ಕ್ಷಮೆ ಕೇಳಿ, ಸಮಾಧಾನ ಮಾಡಿ ಕಳಿಸಬೇಕೆಂದು ನಿಯಮವಿತ್ತು.

ಚಾಲಕರು ಎರಡನೇ ಸುತ್ತಿಗೆ ಕೂರಲಿಲ್ಲ. ಪರದೆಯ ಮೇಲೆ ಮಿನುಗುತ್ತಿದ್ದ ಚುಕ್ಕೆಗಳನ್ನೇ ಸ್ವಲ್ಪ ಹೊತ್ತು ನೋಡಿ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. “ಯಾವಾಗ ಬೇಕಾದ್ರೂ ಎದ್ದು ಹೋಗಬಹುದು, ಕಾರಣ ಹೇಳಬೇಕಾಗಿಲ್ಲ ಅಂದಿದ್ರಲ್ಲಮ್ಮ,” ಎಂದು ಎದ್ದರು. ಅವಳು ನಿಜ ಹೇಳಲು ಬಾಯಿ ತೆರೆದಳು. ಅರೆ ತೆರೆದ ಬಾಗಿಲಾಚೆ ಬೆಂಚಿನ ಮೇಲೆ ಇನ್ನೂ ಕೆಲವರು ಕಾದಿದ್ದರು. ಅವರ ಕಿವಿಗೆ ಬಿದ್ದರೆ ಇಡೀ ದಿನದ ಕೆಲಸ ನೀರುಪಾಲು. ತೆರೆದ ಬಾಯಿ ಹಾಗೇ ಮುಚ್ಚಿತು. ಚಾಲಕರು ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದರು.

ಸಂಜೆ ಅವಳು ತನ್ನ ಪ್ರೊಫೆಸರ್ ಮೇಡಂ ಹತ್ತಿರ ಈ ವಿಷಯ ಎತ್ತಿದಳು. ಅವರು ಉತ್ತರಪತ್ರಿಕೆಗಳ ರಾಶಿಯಿಂದ ತಲೆ ಎತ್ತಿ ಕಣ್ಣು ಉಜ್ಜಿಕೊಂಡರು. ಪ್ರಯೋಗಕ್ಕೆ ವಿಶ್ವವಿದ್ಯಾಲಯದ ನೀತಿ ಸಮಿತಿಯ ಒಪ್ಪಿಗೆ ಇದೆ, ಫೋನ್ ಮಾಡಿ ನಿಜ ತಿಳಿಸಿಬಿಡು, ಅಷ್ಟು ಸಾಕು ಎಂದರು. ಅವಳು ಅವತ್ತೇ ಮಾಡಿದಳು, ಮಾರನೇ ದಿನವೂ ಮಾಡಿದಳು. ಆ ಕಡೆ ಯಾರೂ ಎತ್ತಲಿಲ್ಲ. ಆಮೇಲೆ ಬೇರೆ ಜನ ಬಂದರು. ಅದೇ ಸುಳ್ಳು ಕೇಳಿ ಮುಖ ಸಣ್ಣದು ಮಾಡಿಕೊಂಡರು, ನಿಜ ಕೇಳಿ ನಕ್ಕು ಹೋದರು. ನಗದೆ ಹೋದ ಒಬ್ಬರು ಮಾತ್ರ ತಲೆ ಬಾಚುವಾಗ, ಊಟಕ್ಕೆ ಕೂತಾಗ ಅವಳಿಗೆ ನೆನಪಾಗುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ರಜೆ ಹಾಕಿ ಬಸ್ ಡಿಪೋಗೆ ಹೊರಟಳು.

ಡಿಪೋದಲ್ಲಿ ಅವರನ್ನು ಅರಿಯದವರಿಲ್ಲ. ಅವರ ಬಸ್ಸಿನಲ್ಲಿ ತುಂಬಿದ ಕೊಡ ಇಟ್ಟರೂ ಹನಿ ತುಳುಕುವುದಿಲ್ಲವೆಂದು ಜೊತೆಯವರು ಅವರಿಗೆ ‘ಕೊಡಣ್ಣ’ ಎಂದು ಹೆಸರಿಟ್ಟಿದ್ದರು. ಕೊಡಣ್ಣ ಈಗ ಬಸ್ ಮುಟ್ಟುವುದಿಲ್ಲ, ತಾವೇ ಕೇಳಿಕೊಂಡು ಪಕ್ಕದ ಬಸ್ ನಿಲ್ದಾಣದ ವಿಚಾರಣೆ ಕಿಟಕಿಗೆ ಹೋಗಿ ಕೂತಿದ್ದಾರೆ, ಮನೆಯಲ್ಲಿ ಹೆಂಡತಿಗೂ ಕಾರಣ ಹೇಳಿಲ್ಲವಂತೆ ಎಂದು ಗೇಟಿನವನು ತಿಳಿಸಿದ.

ಕಿಟಕಿಯ ಹಿಂದೆ, ಸ್ಟೂಲಿನ ಮೇಲೆ ಅವರಿದ್ದರು. ಅವಳು ಒಳಗೆ ಹೋಗಿ ಪ್ರಯೋಗದ ವಿಷಯವನ್ನೆಲ್ಲ, ಏನೂ ಮುಚ್ಚಿಡದೆ ಹೇಳಿದಳು.

“ಹಾಗಾದ್ರೆ ನನ್ನ ನಿಜವಾದ ಅಂಕ ಎಷ್ಟಮ್ಮ?”

“ಮೊದಲನೇ ಸುತ್ತಿನದು ನಾವು ಲೆಕ್ಕ ಹಾಕಲ್ಲ, ಸರ್. ಅದು ಸುಮ್ನೆ ತೋರಿಕೆಗೆ ಇಟ್ಟಿದ್ದು.”

“ನೋಡೇ ಇಲ್ಲ ಅನ್ನಿ.”

“ಇಲ್ಲ.”

ಅವರು ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕಿಟಕಿಗೆ ಬಂದ ಮುದುಕಿಯೊಬ್ಬಳಿಗೆ ಬಸ್ ನಿಲ್ಲುವ ಜಾಗ ತೋರಿಸಿ, ಅವರು ಮತ್ತೆ ಇವಳ ಕಡೆ ತಿರುಗಿದರು.

“ನೀವು ಹೇಳಿದ್ದು ಸುಳ್ಳೇ ಇರಬಹುದು. ಆದ್ರೆ ಮಾರನೇ ದಿನ ಗಾಡಿ ಹತ್ತಿದೆ ನೋಡಿ, ಕನ್ನಡಿ ನೋಡಿದ್ರೆ ರಸ್ತೆ ತಪ್ಪಿತೇನೋ ಅನ್ಸೋದು, ರಸ್ತೆ ನೋಡಿದ್ರೆ ಕನ್ನಡಿ. ಸೈಕಲ್ ಮೇಲೆ ಒಂದು ಹುಡುಗಿ ಪಕ್ಕಕ್ಕೆ ಬಂದಿದ್ದು ನನಗೆ ಕಾಣಲೇ ಇಲ್ಲ. ಅವಳಿಗೇನೂ ಆಗಲಿಲ್ಲ, ಪುಣ್ಯ. ನನಗೆ ಅಷ್ಟೇ ಸಾಕಾಯ್ತು.”

“ಅದು ನಮ್ಮ ಮಾತಿಂದ ಆಗಿದ್ದು ಸರ್, ಭಯಕ್ಕೆ. ನಿಮ್ಮ ಗಮನಕ್ಕೆ ಏನೂ ಆಗಿಲ್ಲ.”

“ಇರಬಹುದಮ್ಮ. ಆದ್ರೆ ಅದನ್ನೂ ನೀವೇ ಹೇಳ್ತಿದ್ದೀರಿ,” ಎಂದರು. ಮಾತಿನಲ್ಲಿ ಚುಚ್ಚು ಇರಲಿಲ್ಲ, ದಣಿವಿತ್ತು.

ಕೆಲಸ ಮುಗಿಸಿ ಅವರು ಮನೆಗೆ ಹೊರಟ ಬಸ್ಸಿಗೇ ಅವಳೂ ಹತ್ತಿದಳು. ಹೊಸದಾಗಿ ಸೇರಿದ ಚಾಲಕನೊಬ್ಬ ಓಡಿಸುತ್ತಿದ್ದ. ಅವರು ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಕೈಯಿಟ್ಟು ಕೂತರು. ಪಕ್ಕದಲ್ಲೇ ಕೂತ ಅವಳು ಮತ್ತೊಮ್ಮೆ ಕ್ಷಮೆ ಕೇಳಬೇಕೆಂದು ಮಾತು ಹುಡುಕುತ್ತಿದ್ದಳು. ಮಾರುಕಟ್ಟೆಯ ತಿರುವಿನಲ್ಲಿ, ನಿಂತ ಲಾರಿಯ ಮರೆಯಿಂದ ಕೈಚೀಲ ಹಿಡಿದ ಹೆಂಗಸೊಬ್ಬಳು ರಸ್ತೆಗೆ ಕಾಲಿಟ್ಟಳು. ಕೊಡಣ್ಣನ ಬಲಗಾಲು, ಅಲ್ಲೇ ಬ್ರೇಕ್ ಇದ್ದಂತೆ, ಬಸ್ಸಿನ ನೆಲವನ್ನು ಗಟ್ಟಿಯಾಗಿ ಒತ್ತಿತು.

ಹೊಸ ಚಾಲಕ ಬ್ರೇಕ್ ಹಿಡಿದದ್ದು ಆಮೇಲೆ.