ಹೋಬರ್ಟನ ಬೇಲಿ

ಕಪ್ಪೆಗಳ ತಂಡದ ಕೊನೆಯ ಆಟ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲೇ ಹೋಬರ್ಟ್ ಟಿಸ್‌ಡೇಲ್ ಲಾರಿ ತಂದು ಮೈದಾನದ ಅಂಚಿಗೆ ನಿಲ್ಲಿಸಿ, ಬೇಲಿಯ ಹಲಗೆಗಳನ್ನು ಕೀಳಲು ಶುರುಮಾಡಿದ. ದಾಂಡು ಹಿಡಿದು ತನ್ನ ಸರದಿಗೆ ಕಾಯುತ್ತಿದ್ದ ಒರಿನ್ ಗಾಬರಿಬಿದ್ದ. ಆಟ ಸೋಲುತ್ತಿದ್ದೇವಲ್ಲಾ ಎಂದಲ್ಲ. ಸೋಲು ಅವರಿಗೆ ಬೆಳಗಿನ ಕಾಫಿಯಷ್ಟೇ ರೂಢಿಯಾಗಿತ್ತು. ಆದರೆ ಆ ಬೇಲಿಯ ಮೇಲಿಂದ ಒಂದೇ ಒಂದು ಚೆಂಡು ದಾಟಿಸಿದರೂ ಮಗಳು ಲವೀನಾಳನ್ನು ಅವನಿಗೇ ಕೊಡುತ್ತೇನೆಂದು ಹೋಬರ್ಟ್ ಊರೆದುರು ಮಾತು ಕೊಟ್ಟಿದ್ದ.

ಜೋಳದ ಹೊಲಗಳ ನಡುವಿನ ಲಾರ್ಕಿನ್ ಊರಿಗೆ ಸಂಬಳದ ಬೇಸ್‌ಬಾಲ್ ತಂಡ ಬಂದದ್ದು ಆ ವರ್ಷದ ಮೇ ತಿಂಗಳಲ್ಲಿ. ಊರವರು ಬ್ಯಾಂಡು ಬಾರಿಸಿ ಬರಮಾಡಿಕೊಂಡರು. ಕಪ್ಪೆಗಳು ಎಂದು ಹೆಸರಿಟ್ಟು, ಬೇರೆ ಯಾವುದೋ ತಂಡ ಬಿಸುಟ ಹಳೆಯ ಅಂಗಿ ತೊಡಿಸಿದರು. ಮರದಂಗಡಿಯ ಹೋಬರ್ಟ್, ತಂಡ ಇರುವ ತನಕ ಇರಲಿ ಎಂದು ಬೇಲಿಗೆ ಹಲಗೆಗಳನ್ನು ಕಡ ಕೊಟ್ಟ. ತಂಡ ಆಗಸ್ಟ್ ದಾಟಲಿಲ್ಲ. ನಾಳೆ ಬೆಳಗಾದರೆ ಆಟಗಾರರೆಲ್ಲ ಬಸ್ಸು ಹತ್ತಿ ತಂತಮ್ಮ ಊರಿಗೆ.

ಒರಿನ್ ದಾಂಡು ಹಿಡಿದೇ ಬೇಲಿಯತ್ತ ಓಡಿದ. "ಯಜಮಾನ್ರೇ, ಒಂದು ಗಳಿಗೆ ತಡೀರಿ! ಆಟ ಇನ್ನೂ ನಡೀತಾ ಇದೆ."

"ನಡೀಲಿ ಬಿಡಯ್ಯ, ನಾನೇನು ಬೇಡ ಅಂದ್ನಾ?" ಹೋಬರ್ಟ್ ಇನ್ನೊಂದು ಮೊಳೆ ಕಿತ್ತ. "ಹಂದಿ ಕೊಟ್ಟಿಗೆ ಕಟ್ಟೋನು ಈ ಹಲಗೆ ಬೇಕು ಅಂತ ಅಂಗಡಿ ಮುಂದೆ ಕೂತು ಪ್ರಾಣ ತಿಂತಿದಾನೆ."

"ಮತ್ತೆ ನೀವು ಕೊಟ್ಟ ಮಾತು?"

"ಮಾತು ಎಲ್ಲೂ ಹೋಗಿಲ್ಲ. ಬೇಲಿ ಇರೋ ತನಕ ದಾಟಿಸು, ಹುಡುಗಿ ನಿನ್ನವಳು. ಇಡೀ ಬೇಸಿಗೆ ಕೊಟ್ಟಿದ್ದೆ ಕಣಯ್ಯ! ಚೆಂಡು ಬೇಲಿ ಹತ್ರ ಬಂದಿದ್ದು ನೀನೇ ಕೈಯಲ್ಲಿ ಹಿಡ್ಕೊಂಡು ಬಂದಾಗ ಮಾತ್ರ."

ಒರಿನ್ ಅಂಪೈರನಿಗೆ ದೂರು ಕೊಟ್ಟ. ಅಂಪೈರ್ ಆಕಳಿಸಿದ. "ಬೇಲಿ ಇರ್ಲೇಬೇಕು ಅಂತ ನಾನಂತೂ ಎಲ್ಲೂ ಓದಿಲ್ಲ. ಬೇಗ ಆಡಿ ಮುಗಿಸ್ರಪ್ಪ, ಮನೇಲಿ ಊಟ ಆರ್ತಾ ಇದೆ."

ನಿಂಬೆ ಪಾನಕ ಮಾರುತ್ತಿದ್ದ ಲವೀನಾ ಒದ್ದೆ ಕೈಯಲ್ಲೇ ಓಡಿ ಬಂದಳು. ಒರಿನ್ ಮೆಲ್ಲಗೆ ಹೇಳಿದ, "ನನ್ನ ಕೈಲಾಗಲ್ಲ ಕಣೇ. ಸುಮ್ನೆ ಓಡಿಹೋಗೋಣ, ಬಾ."

"ಓಡಿಹೋಗೋದೇನು ಮಹಾ? ಅಪ್ಪನಿಗೆ ನನ್ನ ಬಿಟ್ರೆ ಯಾರಿದಾರೆ? ಮದುವೆಗೆ ಅಂತ ಚರ್ಚಿಗೆ ಬಂದ್ರೆ ಅಪ್ಪನ ತೋಳು ಹಿಡ್ಕೊಂಡೇ ಬರ್ತೀನಿ. ನೀನು ಹೋಗಿ ಹೊಡಿ. ಬೇಲಿ ವಿಷ್ಯ ನಂಗೆ ಬಿಡು."

ಒರಿನ್‌ನ ಸರದಿ ಬಂತು. ಅವನೊಬ್ಬ ಔಟಾದರೆ ಆಟವೂ ಮುಗಿಯಿತು, ತಂಡವೂ ಮುಗಿಯಿತು. ಊರಿಗೆ ಊರೇ ಬೆಂಚಿನ ಮೇಲೆ ನಿಂತು ವಟರ್ ವಟರ್ ಎಂದು ಕಪ್ಪೆಯ ಹಾಗೆ ಕೂಗಿತು. ಪಾದ್ರಿಗಳೂ ಕೂಗಿದರು. ಅವರ ಹೆಂಡತಿಯಂತೂ ಅವರಿಗಿಂತ ಚೆನ್ನಾಗಿ ಕೂಗಿದಳು. ಒರಿನ್ ಕಣ್ಣೆತ್ತಿ ನೋಡಿದರೆ ಹೋಬರ್ಟ್ ಕೊನೆಯ ಹಲಗೆಯನ್ನು ಲಾರಿಗೆ ಎಸೆಯುತ್ತಿದ್ದಾನೆ. ಬೇಲಿ ಇದ್ದ ಕಡೆ ಈಗ ಬರೀ ಜೋಳ ತಲೆದೂಗುತ್ತಿತ್ತು. ಅಷ್ಟರಲ್ಲಿ ಚೆಂಡು ಬಂತು. ಒರಿನ್ ಕಣ್ಣು ಮುಚ್ಚಿ ಬೀಸಿದ.

ಚೆಂಡು ದಾಂಡಿಗೆ ತಗುಲಿತು. ತಗುಲಿ ಮೇಲಕ್ಕೆ ಹೋಯಿತು, ದೂರಕ್ಕಲ್ಲ. ಮೈದಾನದ ಅರ್ಧವನ್ನೂ ದಾಟುವ ಹಾಗಿರಲಿಲ್ಲ. ಎದುರು ತಂಡದ ಹುಡುಗ ಆರಾಮಾಗಿ ನಾಲ್ಕು ಹೆಜ್ಜೆ ಮುಂದೆ ಬಂದು ಕೈಗವಸು ಅಗಲಿಸಿ ಹಿಡಿದು ನಿಂತ. ಆಗ ಜನರ ವಟವಟ ಥಟ್ಟನೆ ನಿಂತಿತು. ಲವೀನಾ ಲಾರಿಯಿಂದ ಉದ್ದನೆಯ ಹಲಗೆಯೊಂದನ್ನು ಎಳೆದು, ಅಡ್ಡಲಾಗಿ ಎದೆಗವುಚಿಕೊಂಡು, ಮೈದಾನದ ನಡುವೆ ದಾಪುಗಾಲು ಹಾಕುತ್ತ ಬರುತ್ತಿದ್ದಳು. ಹಿಂದೆ ಸುತ್ತಿಗೆ ಹಿಡಿದ ಹೋಬರ್ಟ್. "ಏಯ್ ಹುಡುಗೀ! ಅದು ಹಂದಿ ಕೊಟ್ಟಿಗೇದು ಕಣೇ!"

ಲವೀನಾ ನೇರ ಎದುರು ತಂಡದ ಹುಡುಗನ ಮುಂದೆ ಬಂದು, ಹಲಗೆಯನ್ನು ಅಡ್ಡ ಹಿಡಿದು ನಿಂತಳು.

ಹುಡುಗ ಕಂಗಾಲಾದ. "ಅಕ್ಕಾ, ಇದೇನಿದು? ನಾನು ಚೆಂಡು ಹಿಡೀಲಾ, ಬೇಡ್ವಾ?"

"ಹಿಡಿಯೋ ಮಾರಾಯ, ನಿನ್ನ ಕೆಲ್ಸ ನೀನು ಮಾಡು! ನನ್ನ ಹಲಗೆ ಮೇಲಿಂದ ಬಂದ್ರೆ ಸಾಕು." ಅವಳು ತಲೆಯೆತ್ತಿ ಚೆಂಡು ನೋಡುತ್ತ ಒಂದು ಹೆಜ್ಜೆ ಎಡಕ್ಕೆ ಸರಿದಳು, ಅರ್ಧ ಹೆಜ್ಜೆ ಬಲಕ್ಕೆ ಬಂದಳು. ಚೆಂಡು ಅವಳ ಟೋಪಿಯನ್ನು ಸವರಿಕೊಂಡು, ಹಲಗೆ ದಾಟಿ, ಹುಡುಗನ ಕೈಗವಸಿನೊಳಗೆ ಥಪ್ಪೆಂದು ಬಿತ್ತು.

"ಔಟ್!" ಎಂದು ಕೂಗಿದ ಅಂಪೈರ್, ಕೋಟು ಹೆಗಲಿಗೆ ಹಾಕಿಕೊಂಡು ಊಟಕ್ಕೆ ಹೊರಟೇಹೋದ. ಲಾರ್ಕಿನ್ ಕಪ್ಪೆಗಳು ಅಲ್ಲಿಗೆ ಮುಗಿದವು.

ಹೋಬರ್ಟ್ ಏದುಸಿರು ಬಿಡುತ್ತ ಬಂದ. "ಇಷ್ಟು ವರ್ಷ ಮರ ಮಾರಿದೀನಿ. ಬೇಲಿ ಎದ್ದು ಚೆಂಡು ಹುಡುಕ್ಕೊಂಡು ಬಂದಿದ್ದನ್ನ ಇವತ್ತೇ ನೋಡಿದ್ದು."

"ನಿನ್ನ ಹಲಗೇನೇ ತಾನೆ ಅಪ್ಪ? ದಾಟ್ತೋ ಇಲ್ವೋ, ಅಷ್ಟು ಹೇಳು."

ಹೋಬರ್ಟ್ ಹಲಗೆ ನೋಡಿದ. ಅದನ್ನು ಇನ್ನೂ ಇಳಿಸದೆ ನಿಂತ ಮಗಳನ್ನು ನೋಡಿದ. ಆಚೆ, ಔಟಾದದ್ದು ಗೊತ್ತೇ ಇಲ್ಲದ ಒರಿನ್, ಚೆಂಡನ್ನು ಬೇಲಿ ದಾಟಿಸಿದವರು ಸುತ್ತುವ ಹಾಗೆ, ಟೋಪಿ ಬೀಸುತ್ತ, ಒಬ್ಬನೇ, ಮೈದಾನ ಸುತ್ತುತ್ತಿದ್ದ. ಎರಡು ಸಲ ಎಡವಿ ಬಿದ್ದು ಎದ್ದ.

ಹೋಬರ್ಟ್ ಸುತ್ತಿಗೆಯನ್ನು ಹುಲ್ಲಿಗೆ ಎಸೆದು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡ.

"ಗಟ್ಟಿಯಾಗಿ ಹಿಡ್ಕೋ ಮಗಳೇ," ಎಂದ. "ಪಾಪ, ಅವನು ಒಂದು ಸುತ್ತು ಮುಗಿಸೋ ತನಕ ಬೇಲಿ ನಿಂತಿರ್ಲಿ."